ಗಿಡ್ಡ ಕಾಲಿನ ಮೇಜು

ಅಳಿಲುಗಳು ತಾವೇ ಹೂತಿಟ್ಟ ಬೀಜವನ್ನು ಯಾಕೆ ಮರೆಯುತ್ತವೆ? ವಿಶ್ವವಿದ್ಯಾಲಯದಲ್ಲಿ ಅಳಿಲಕ್ಕ ಕೈಗೆತ್ತಿಕೊಂಡ ಸಂಶೋಧನೆ ಇದು. ಈ ಬಗ್ಗೆ ಇದ್ದದ್ದು ಒಂದೇ ಪುಸ್ತಕ. ಅದನ್ನು ಓದದೆ ಬರೆದರೆ ಪ್ರಬಂಧವನ್ನು ಮುಟ್ಟಿಯೂ ನೋಡುವುದಿಲ್ಲ ಎಂದಿದ್ದರು ಗೂಬೆ ಮೇಷ್ಟರು.

ಗ್ರಂಥಾಲಯದ ಪಟ್ಟಿಯನ್ನು ಕೇಳಿದರೆ "ಕಪಾಟಿನಲ್ಲಿದೆ" ಎಂದಿತು. ಕಪಾಟನ್ನು ಕೇಳಿದರೆ "ಪಟ್ಟಿಯಲ್ಲಿದೆಯಲ್ಲ" ಎಂದಿತು. ಅಳಿಲಕ್ಕ ದಿನಕ್ಕೊಂದು ಚೀಟಿ ಬರೆದು ಕೊಟ್ಟಳು. ಪ್ರತಿಯೊಂದೂ "ಸಿಗಲಿಲ್ಲ" ಎಂಬ ಮೊಹರು ಹೊತ್ತು ವಾಪಸು ಬಂತು. ಮೂರು ತಿಂಗಳಲ್ಲಿ ಚೀಟಿಗಳ ಕಟ್ಟು ಬೆರಳಷ್ಟು ದಪ್ಪವಾಯಿತು.

ಕೊನೆಗೆ ಅವಳು ಗ್ರಂಥಾಲಯದಲ್ಲಿ ತಾನು ಬರೆಯುವ ಮೇಜಿಗೆ ತಲೆಯಾನಿಸಿ, "ಮೇಜಣ್ಣಾ, ಇಲ್ಲಿ ಅಲುಗದೆ ನನ್ನ ಜೊತೆ ನಿಂತವನು ನೀನೊಬ್ಬನೇ" ಎಂದಳು.

ಮೇಜಿಗೆ ನಾಚಿಕೆಯಾಯಿತು. "ಬೈಯಬೇಡ ಅಳಿಲಕ್ಕಾ. ನನ್ನದೊಂದು ಕಾಲು ಗಿಡ್ಡ. ಅದರಡಿ ಇಟ್ಟಿರುವುದು ನಿನ್ನ ಪುಸ್ತಕವೇ. ಇಟ್ಟವರೇ ಮರೆತಿದ್ದಾರೆ."

"ಮೂರು ತಿಂಗಳು ಬಾಯಿ ಹೊಲಿದುಕೊಂಡು ಕೂತಿದ್ದೆಯಾ?"

"ತೆಗೆದರೆ ಕುಂಟುತ್ತೇನೆ. ಕುಂಟುವ ಮೇಜನ್ನು ಸೌದೆಗೆ ಹಾಕುತ್ತಾರೆ."

ಅಳಿಲಕ್ಕನ ಸಿಟ್ಟು ಇಳಿಯಿತು. ಅವಳು ಮೇಜಿನಡಿ ಬಗ್ಗಿ ಪುಸ್ತಕ ಎಳೆದುಕೊಂಡಳು, ಆ ಜಾಗಕ್ಕೆ ಚೀಟಿಗಳ ಕಟ್ಟನ್ನು ತುರುಕಿದಳು.

"ಹೇಗಿದೆ?"

"ಒಂದೇ ಒಂದು ಚೀಟಿಯಷ್ಟು ತಗ್ಗು."

ಅಳಿಲಕ್ಕ ಹೊಸ ಚೀಟಿ ತೆಗೆದಳು. ಈ ಸಲ ಯಾರ ಮೊಹರಿಗೂ ಕಾಯದೆ "ಸಿಕ್ಕಿತು" ಎಂದು ತಾನೇ ಬರೆದು ಸಂದಿಗೆ ಸಿಕ್ಕಿಸಿದಳು. ಮೇಜು ನೆಟ್ಟಗೆ ನಿಂತಿತು.