ಹುಲ್ಲಿಲ್ಲದ ಬೆಟ್ಟ

ತುಂಗಭದ್ರೆಯ ದಂಡೆಯ ಸಣ್ಣ ಮಠವೊಂದರಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಪಂಪಣ್ಣ ಅವರ ಶಿಷ್ಯ. ಮಠದ ತಾಳೆಗರಿಗಳ ಫೋಟೊ ತೆಗೆದು ಲ್ಯಾಪ್‌ಟಾಪಿನಲ್ಲಿ ಜೋಡಿಸಿಡುವುದು ಅವನ ಸೇವೆ.

ಒಂದು ಮಧ್ಯಾಹ್ನ ಅಜ್ಜಾರು ಬಂದು ನೋಡುತ್ತಾರೆ, ಲ್ಯಾಪ್‌ಟಾಪು ಬೋರಲು ಬಿದ್ದಿದೆ. ತಳದ ಮುಚ್ಚಳ ಬಿಚ್ಚಿದೆ. ಪಂಪಣ್ಣನ ಕೈಯಲ್ಲಿ ಗರಗಸದ ಅಲಗು. ಪಕ್ಕದ ಟವೆಲಿನ ಮೇಲೆ ಇಟ್ಟಿಗೆಯಷ್ಟು ದಪ್ಪದ, ಎರಡು ಫ್ಯಾನುಗಳ ಒಂದು ಗ್ರಾಫಿಕ್ಸ್ ಕಾರ್ಡ್.

ಏನಪ್ಪಾ ಇದು ಎಂದು ಕೇಳಿದರು. ಒಂದು ಗೇಮ್ ಆಡಬೇಕಾಗಿದೆ, ಈ ಹಳೆಯ ಲ್ಯಾಪ್‌ಟಾಪಿಗೆ ಶಕ್ತಿ ಸಾಲದು, ಚಿತ್ರ ನಿಂತು ನಿಂತು ಬರುತ್ತದೆ, ಅದಕ್ಕೇ ಈ ಕಾರ್ಡು ಎಂದ.

ಗಂಗಾವತಿಯ ಗೆಳೆಯ ಅದನ್ನು ಪುಕ್ಕಟೆ ಕೊಟ್ಟಿದ್ದ. ಮಠದವನು ಗೇಮ್ ಆಡುತ್ತೇನೆ ಎನ್ನಲು ನಾಚಿ, ‘ಮಠದ ಕಂಪ್ಯೂಟರಿಗೆ’ ಎಂದಷ್ಟೇ ಪಂಪಣ್ಣ ಹೇಳಿದ್ದ. ಗೆಳೆಯ ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರಿನ ಕಾರ್ಡು ಕೊಟ್ಟು ಕಳಿಸಿದ್ದ. ನಾಚಿಕೆಗೆ ಸಿಕ್ಕ ಪ್ರಸಾದ. ಲ್ಯಾಪ್‌ಟಾಪಿನಲ್ಲಿ ಅದನ್ನು ಕೂರಿಸುವ ಜಾಗವೇ ಇರಲಿಲ್ಲ. ಲ್ಯಾಪ್‌ಟಾಪಿನದೇ ಒಂದು ಬದಿ ಕೊಯ್ದರೆ ಹಿಡಿಸೀತೇನೋ ಎಂಬ ಆಸೆಯಲ್ಲಿ ಅವನಿದ್ದ.

ಅಜ್ಜಾರು ಸಿಟ್ಟಾಗಲಿಲ್ಲ.

“ಯಾರ ಕೂಡ ಆಡ್ತಿ?”

“ತಮ್ಮನ ಕೂಡ ರೀ.”

ಅಜ್ಜಾರು ಅಲ್ಲೇ ಕೂತರು. ತಮ್ಮ ಸಿದ್ಲಿಂಗನ ವಿಷಯ ಅವರಿಗೆ ಗೊತ್ತಿತ್ತು. ಪಂಪಣ್ಣ ಓಡಿಸುತ್ತಿದ್ದ ಬೈಕು ಲಾರಿಗೆ ಸಿಕ್ಕು, ಹಿಂದೆ ಕೂತಿದ್ದ ತಮ್ಮನ ಎರಡೂ ಕಾಲು ಹೋಗಿದ್ದವು. ಮೂರು ವರ್ಷದಿಂದ ಅವನು ಅಣ್ಣನ ಜೊತೆ ಮಾತಾಡಿರಲಿಲ್ಲ. ಆ ಸಂಕಟ ತಾಳಲಾರದೆ ಪಂಪಣ್ಣ ಮಠ ಸೇರಿದ್ದು.

ಹಿಂದಿನ ದಿನ ಬೆಳಿಗ್ಗೆ ತಮ್ಮನ ಮೆಸೇಜ್ ಬಂದಿತ್ತು. ಬೆಟ್ಟ ಓಡಿ ಹತ್ತುವ ಒಂದು ಗೇಮ್ ಇದೆ, ನಾಳೆ ಸಂಜೆ ಅದರೊಳಗೆ ಬಾ, ಮಾತಾಡೋಣ.

ಗೇಮಿನಲ್ಲಿ ಏನೇನಿದೆ ಎಂದು ಅಜ್ಜಾರು ವಿಚಾರಿಸಿದರು. ಮೋಡ, ಮೋಡದ ನೆರಳು, ಗಾಳಿಗೆ ಬಳುಕುವ ಹುಲ್ಲು, ನೀರಿನ ಹೊಳಪು ಎಂದ ಪಂಪಣ್ಣ. ಇವನ್ನೆಲ್ಲ ತೋರಿಸಲು ಹೋಗಿಯೇ ಲ್ಯಾಪ್‌ಟಾಪು ಸುಸ್ತಾಗುವುದು.

“ಅವನ್ನ ತಗ್ಯಾಕ ಬರೂದಿಲ್ಲೇನು?”

“ಬರ್ತದ್ರಿ. ಆದ್ರ ತಮ್ಮಗ ಎಲ್ಲಾ ಕಾಣಸ್ತಿರ್ತದ. ನಾ ಬೋಳು ಬೆಟ್ಟ ನೋಡಿಕೋತ ಹ್ಯಾಂಗ ಹೋಗ್ಲಿ? ಅವನ ಕಾಲು ಕಳದಾಂವ ನಾ, ಇದರಾಗರ ಅವಗ ಕಡಿಮಿ ಮಾಡಬಾರದು.”

“ಅವ ನಿನ್ನ ಕರದಾನೋ, ಹುಲ್ಲು ನೋಡಾಕ ಕರದಾನೋ?”

ಅಜ್ಜಾರು ಪಂಪಣ್ಣನ ಕೈಯಿಂದ ಅಲಗು ತೆಗೆದಿಟ್ಟರು. ತಾವೇ ಮುಚ್ಚಳ ಹಾಕಿ ಒಂದೊಂದೇ ಸ್ಕ್ರೂ ತಿರುಗಿಸಿದರು.

ಅವನು ಗೇಮಿನ ಸೆಟ್ಟಿಂಗ್ಸ್ ತೆರೆದ ಮೇಲೆ ಮೋಡ ತಗಿ ಎಂದರು. ತೆಗೆದ. ನೆರಳು ಎಂದರು. ತೆಗೆದ. ಹುಲ್ಲಿಗೆ ಬಂದಾಗ ಅವನ ಕೈ ಹಿಂಜರಿಯಿತು. ಅದೂ ಹೋಯಿತು.

ಮಣ್ಣುಬಣ್ಣದ ಬೆಟ್ಟ, ಒಂದು ಕಾಲುದಾರಿ, ಇಷ್ಟೇ ಉಳಿಯಿತು. ಚಿತ್ರ ಈಗ ಎಲ್ಲೂ ನಿಲ್ಲಲಿಲ್ಲ.

ಸಂಜೆ ಆ ದಾರಿಯ ಮೇಲೆ ಇನ್ನೊಬ್ಬ ಬಂದು ನಿಂತ. ಮೂರು ವರ್ಷ ಕೇಳದ ದನಿ ಕೇಳಿಸಿತು.

“ಅಣ್ಣಾ, ಬಂದಿಯೇನು? ಬಾ, ಓಡೂಣು.”

ಇಬ್ಬರೂ ಓಡಿದರು. ಸಿದ್ಲಿಂಗನೇ ಮುಂದೆ. ಅಣ್ಣ ಎರಡು ಸಲ ಜಾರಿ ಬಿದ್ದಾಗ ತಿರುಗಿ ಬಂದು ನಿಂತು, ನಕ್ಕು, ಮತ್ತೆ ಓಡಿದ. ನಾಳೆ ಐದಕ್ಕೆ ಮತ್ತೆ ಬಾ ಎಂದು ಹೇಳಿ ಹೋದ.

ಪಂಪಣ್ಣ ಅಜ್ಜಾರ ಕಾಲ ಮೇಲೆ ಬಿದ್ದು ಅತ್ತ. ಇಷ್ಟು ಸಿಕ್ಕೀತೆಂದು ಅವನು ಎಂದೂ ಎಣಿಸಿರಲಿಲ್ಲ.

“ನಾ ಅಂಥಾದ್ದು ಮಾಡಿದ ಮ್ಯಾಲೂ ಅವ ಕರದಾನ್ರಿ. ಅವನ ಈ ಉಪಕಾರ ಹ್ಯಾಂಗ ತೀರಸ್ಲಿ ಅಜ್ಜಾರ?”

ಅಜ್ಜಾರು ಅವನನ್ನು ಎಬ್ಬಿಸಿ ಕೂರಿಸಿದರು.

“ನಾಳೆ ಅವ ಬರೂದಕ್ಕಿಂತ ಐದು ನಿಮಿಷ ಮೊದಲ ಹೋಗಿ ನಿಂದ್ರು.”