ಶ್ರುತಿ ಯಾರದು?

ಗಿಟಾರ್ ಕಲಿಯುತ್ತಿದ್ದ ವಿಭಾಳ ಕೋಣೆಯಲ್ಲಿ ಪುಟ್ಟದೊಂದು ಆಂಪ್ಲಿಫೈಯರ್ ಇತ್ತು. ಅದಕ್ಕೆ ಈಚೆಗೆ ಮಾನ ಹೋದಂತಾಗಿತ್ತು. ಸ್ವಿಚ್ ಹಾಕಿದರೆ ಸಾಕು, ಹೊಟ್ಟೆಯೊಳಗಿಂದ 'ಗುಂಯ್' ಎನ್ನುವ ಸದ್ದು.

"ಇದು ಗಿಟಾರಿನ ತಪ್ಪು," ಎಂದಿತು ಆಂಪ್ಲಿಫೈಯರ್.

ವಿಭಾ ಗಿಟಾರಿನ ವೈರನ್ನು ಕಿತ್ತು ನೋಡಿದಳು. ಸದ್ದು ನಿಲ್ಲಲಿಲ್ಲ.

"ಸುಮ್ಮನೆ ನನ್ನ ಮೇಲೆ ಯಾಕೆ ಗೂಬೆ ಕೂರಿಸಿದೆ?" ಎಂದು ಗಿಟಾರ್ ಕೇಳಿತು.

"ಹಾಗಾದರೆ ಗೋಡೆಯ ಮೇಲಿನ ಫ್ಯಾನ್ ರೆಗ್ಯುಲೇಟರಿನ ತಪ್ಪು. ಅವನ ಗೊಣಗಾಟ ನನ್ನ ಬಾಯಲ್ಲಿ ಬರುತ್ತಿದೆ. ಇದರಲ್ಲಿ ನನ್ನದೇನೂ ಇಲ್ಲ," ಎಂದಿತು ಆಂಪ್ಲಿಫೈಯರ್.

ರೆಗ್ಯುಲೇಟರ್ ತನ್ನ ಪಾಡಿಗೆ ಫ್ಯಾನ್ ತಿರುಗಿಸುತ್ತಲೇ ಇತ್ತು.

ಅಷ್ಟರಲ್ಲಿ ಅಜ್ಜಿ ಒಳಗೆ ಬಂದರು. ಸದ್ದಿಗೆ ಕಿವಿಗೊಟ್ಟು, "ಶ್ರುತಿಪೆಟ್ಟಿಗೆ ಯಾವಾಗ ತಂದ್ಯೇ? ಎಷ್ಟು ಸೊಗಸಾಗಿದೆ!" ಎಂದವರೇ ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಆ ಗುಂಯ್‌ಗೇ ದನಿ ಸೇರಿಸಿ ಹಾಡತೊಡಗಿದರು. ವಿಭಾ ನಗು ತಡೆದುಕೊಂಡು ತಾಳ ಹಾಕಿದಳು.

ಆಂಪ್ಲಿಫೈಯರ್ ಉಬ್ಬಿಹೋಯಿತು. "ಕೇಳಿದಿರಾ? ಇದು ನನ್ನ ಸ್ವಂತ ಕಂಠ. ಹುಟ್ಟಿನಿಂದಲೇ ಬಂದದ್ದು!"

ಪಲ್ಲವಿ ಮುಗಿಯುವಷ್ಟರಲ್ಲಿ ಅಜ್ಜಿಗೆ ಚಳಿಯಾಯಿತು. "ಆ ಫ್ಯಾನ್ ಆಫ್ ಮಾಡೇ, ಪುಟ್ಟಿ," ಎಂದರು. ವಿಭಾ ಎದ್ದು ಆಫ್ ಮಾಡಿದಳು. ಅದರೊಂದಿಗೆ ಗುಂಯ್ ಸದ್ದೂ ಥಟ್ಟನೆ ನಿಂತಿತು.

"ಅಯ್ಯೋ, ಶ್ರುತಿ ಯಾಕೆ ನಿಲ್ಲಿಸಿದೆ?" ಎಂದರು ಅಜ್ಜಿ.

ಗೋಡೆಯ ಮೇಲಿಂದ ರೆಗ್ಯುಲೇಟರ್ ಆಂಪ್ಲಿಫೈಯರಿಗೆ ಮೆಲ್ಲಗೆ ಹೇಳಿತು:

"ಅಜ್ಜಿ ಕಾಯುತ್ತಿದ್ದಾರೆ. ಸ್ವಂತ ಕಂಠ ಅಂದೆಯಲ್ಲ, ಎಲ್ಲಿ, ಎತ್ತಿಕೋ ನೋಡೋಣ!"