ಹಾರ ಹಾಕಿಕೊಂಡು ಗರಗಸಕ್ಕೆ ನಿಂತ ನರಿ

ಒಂದು ಕಾಡಿನಲ್ಲಿ, ಹಳ್ಳದ ದಂಡೆಯ ಮೇಲೆ, ಜಾಂಬಕ್ಕ ಎಂಬ ಕರಡಿಯ ಮರಗೆಲಸದ ಕೊಟ್ಟಿಗೆ ಇತ್ತು. ಅಲ್ಲೊಂದು ದುಂಡು ಗರಗಸ. ತೂಬು ಎತ್ತಿದರೆ ನೀರು ಧುಮುಕಿ ದೊಡ್ಡ ಚಕ್ರ ತಿರುಗುತ್ತಿತ್ತು. ಅದರ ಜೊತೆಗೆ ಗರಗಸವೂ ಗಿರ್ರೆಂದು ತಿರುಗಿ ಮರ ಸೀಳುತ್ತಿತ್ತು. ಅದು ಜಾಂಬಕ್ಕನ ಅವ್ವನ ಕಾಲದ ಗರಗಸ. ಹಣ್ಣು ಮುದುಕಿಯಾದಾಗಲೂ ಅವ್ವನ ಹತ್ತು ಬೆರಳೂ ನೆಟ್ಟಗಿದ್ದವು ಎಂದು ಜಾಂಬಕ್ಕನಿಗೆ ಭಾರಿ ಹೆಮ್ಮೆ. ಹೆಮ್ಮೆ ಪಡಲಿ ಬಿಡಿ, ಗರಗಸದ ಮುಂದೆ ನಿಂತು ಮುದುಕಿಯಾಗುವುದು ಸಣ್ಣ ಮಾತೇ?

ಮಳೆಗಾಲ ಹತ್ತಿರ ಬಂತು. ಹಿಂದಿನ ಮಳೆಯಲ್ಲಿ ಹಳ್ಳ ದಾಟಲು ಹೋಗಿ ಒಂದು ಜಿಂಕೆಮರಿ ಕೊಚ್ಚಿಹೋಗಿತ್ತು. "ಈ ಸಲ ಸೇತುವೆ ಆಗಲೇಬೇಕು" ಎಂದ ಕಾಡಿನ ಹಿರಿಯ ಆನೆಯಜ್ಜ. ಕೆಲಸ ಜಾಂಬಕ್ಕನದೇ ಎಂದು ಎಲ್ಲರೂ ತಿಳಿದಿದ್ದರು.

ಆಗ ಬಂದ ನೋಡಿ, ಮೀಸೆ ತೀಡಿಕೊಂಡು ಸೋಗಪ್ಪ ನರಿ!

"ಅಜ್ಜಾ, ಇವಳದು ಆಮೆ ನಡಿಗೆ. ಇವಳು ಹಲಗೆ ಸೀಳುವಷ್ಟರಲ್ಲಿ ಮಳೆ ಬಂದು ಹೋಗಿರುತ್ತೆ. ಪಂದ್ಯ ಇಡಿ. ಬೇಗ ಸೀಳಿದವರಿಗೇ ಸೇತುವೆ ಕೆಲಸ, ಈ ಕೊಟ್ಟಿಗೆ, ಗರಗಸ ಎಲ್ಲಾ!"

ಮಳೆಯ ಹೆದರಿಕೆಗೆ ಆನೆಯಜ್ಜ ಒಪ್ಪಿಬಿಟ್ಟ. ಜಾಂಬಕ್ಕ ಕೊಟ್ಟಿಗೆಯತ್ತ ತಿರುಗಿ ನೋಡಿದಳು. ಅವ್ವನ ಗರಗಸ ಕೈಬಿಟ್ಟು ಹೋದರೆ ತನಗೆ ಉಳಿಯುವುದೇನು?

ಆದರೂ ಅವಳು ಆತುರ ಪಡಲಿಲ್ಲ. ಕೊರಳ ಮಣಿಸರ ಬಿಚ್ಚಿ ಗೂಟಕ್ಕೆ ಹಾಕಿದಳು. ದಿಮ್ಮಿಯಲ್ಲಿ ಮೊಳೆ ಇದೆಯೇ ಎಂದು ತಡವಿ ನೋಡಿದಳು. ಗರಗಸದ ಮೇಲಿನ ಮುಚ್ಚಳ ಇಳಿಸಿದಳು.

"ಏನಕ್ಕಾ, ಮದುವೆ ಶಾಸ್ತ್ರ ಇನ್ನೂ ಮುಗಿಯಲಿಲ್ಲವೇ?" ಸೋಗಪ್ಪ ಕಿಸಕ್ಕೆಂದ.

"ಶಾಸ್ತ್ರ ಅಂತಲೇ ಅಂದುಕೋ ತಮ್ಮಾ. ಇದು ತಪ್ಪಿದರೆ ಬೆರಳೇ ಹೋಗುತ್ತೆ" ಎಂದಳು ಜಾಂಬಕ್ಕ. ದಿಮ್ಮಿಯ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ನಿಂತಳು. ದಿಮ್ಮಿಯ ತುದಿ ಗರಗಸದ ಹತ್ತಿರ ಬಂದಾಗ ಕೈ ಹಿಂದೆಗೆದು, ಕೋಲಿನಿಂದ ದಿಮ್ಮಿಯನ್ನು ತಳ್ಳಿದಳು. ಹಲಗೆ ಬೆಣ್ಣೆ ಕೊಯ್ದಷ್ಟು ನಯವಾಗಿ ಬಂತು. ಹೊತ್ತು ಮಾತ್ರ ತುಸು ಹಿಡಿಯಿತು.

ಈಗ ಸೋಗಪ್ಪನ ಸರದಿ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಅವನು ಮಂಗಗಳಿಂದ ಗೆಲುವಿನ ಹಾರ ಮೊದಲೇ ಹಾಕಿಸಿಕೊಂಡಿದ್ದ. ಮೊಣಕಾಲು ಮುಟ್ಟುವ ಸೇವಂತಿಗೆ ಹಾರ! ಬಂದವನೇ ಮುಚ್ಚಳ ಕಿತ್ತೆಸೆದ.

"ಇದು ಅಡ್ಡ ಇದ್ದರೆ ನನ್ನ ಕೈಚಳಕ ಮಂದಿಗೆ ಕಾಣೋದು ಹೇಗೆ?"

ಜಾಂಬಕ್ಕನಿಗೆ ತಡೆಯಲಾಗಲಿಲ್ಲ. "ಸೋಗಪ್ಪಾ, ಗೆದ್ದರೆ ಗೆಲ್ಲು ಮಾರಾಯ! ಆದರೆ ಹಾರ ತೆಗೆ, ಮುಚ್ಚಳ ಹಾಕು."

"ಅಯ್ಯೋ, ಹೊಟ್ಟೆಕಿಚ್ಚು ನೋಡ್ರಪ್ಪಾ!" ಎಂದು ನಗುತ್ತಾ ಅವನು ತೂಬು ಎತ್ತಿಸಿದ. ದಿಮ್ಮಿಯ ಮೇಲೆ ಬಗ್ಗಿದ. ಹಾರ ಜೋತುಬಿತ್ತು. ಗರಗಸ ಅದನ್ನು ಗಬಕ್ಕನೆ ಕಚ್ಚಿ ಎಳೆಯಿತು. ಅವನ ಕತ್ತೂ ಜೊತೆಗೇ ಹೊರಟಿತು.

"ಸತ್ತೇ! ಅಕ್ಕಾ!"

ಜಾಂಬಕ್ಕ ಒಂದೇ ನೆಗೆತಕ್ಕೆ ಬಂದು ಅವನ ಹೆಗಲು ಹಿಡಿದು ಹಿಂದಕ್ಕೆಳೆದಳು. ಹಾರದ ನಾರು ಫಟ್ಟೆಂದು ಹರಿಯಿತು. "ತೂಬು ಮುಚ್ಚಿ!" ಎಂದು ಕೂಗಿದಳು. ಚಕ್ರ ನಿಂತಾಗ ಸೋಗಪ್ಪನ ತಲೆ ಉಳಿದಿತ್ತು, ಒಂದು ಕಡೆಯ ಮೀಸೆ ಮಾತ್ರ ನುಣ್ಣಗೆ ಹೋಗಿತ್ತು. ಬೋಳಾದ ಕಡೆಯನ್ನು ಮುಚ್ಚಿಕೊಂಡು ಅವನು ಪೊದೆಯೊಳಗೆ ಓಡಿದ. ಮಂಗಗಳಂತೂ ಬಿದ್ದು ಬಿದ್ದು ನಕ್ಕವು.

"ಪಂದ್ಯ ಇಟ್ಟ ನನಗೇ ಬುದ್ಧಿ ಇರಲಿಲ್ಲ ತಾಯಿ. ಸೇತುವೆ ಕೆಲಸವೂ ನಿನ್ನದೇ, ಗರಗಸವೂ ನಿನ್ನದೇ" ಎಂದ ಆನೆಯಜ್ಜ.

ಮೊದಲ ಮಳೆಗೆ ಮುಂಚೆಯೇ ಸೇತುವೆ ಆಯಿತು. ಜಿಂಕೆಗಳು ಮರಿಗಳೊಂದಿಗೆ ನೆಮ್ಮದಿಯಾಗಿ ದಾಟಿದವು. ಆನೆಯಜ್ಜ ಹಾರ ಹಿಡಿದು ಕೊಟ್ಟಿಗೆಗೆ ಬಂದ. ಹಿಂದೆ ಇಡೀ ಕಾಡೇ ಬಂದಿತ್ತು. ಜಾಂಬಕ್ಕ ಆಗತಾನೇ ಸೇತುವೆಯ ಪಕ್ಕದ ಕಟಕಟೆಗೆ ಬೇಕಿದ್ದ ಕೊನೆಯ ಪಟ್ಟಿ ಸೀಳಿ ತೂಬು ಮುಚ್ಚಿದ್ದಳು.

"ಬಗ್ಗಮ್ಮಾ, ಹಾರ ಹಾಕುತ್ತೇನೆ."

"ತಡಿ ಅಜ್ಜಾ, ಚಕ್ರ ಇನ್ನೂ ನಿಂತಿಲ್ಲ" ಎಂದಳು ಜಾಂಬಕ್ಕ.

ಇಡೀ ಕಾಡು ಕಾಯಿತು. ಗರಗಸ ಪೂರ್ತಿ ನಿಂತ ಮೇಲೆ ಅವಳು ಅದರಿಂದ ದೂರ ಬಂದಳು. ಹತ್ತು ಬೆರಳೂ ಜೋಡಿಸಿ ಎಲ್ಲರಿಗೂ ಕೈಮುಗಿದು, ಹೆಮ್ಮೆಯಿಂದ ಕೊರಳು ಬಗ್ಗಿಸಿದಳು.

ನೀತಿ: ಹರಿತವಾದ ಯಂತ್ರದ ಮುಂದೆ ಆತುರವೂ ಆಡಂಬರವೂ ಸಲ್ಲದು, ಎಚ್ಚರದಿಂದ ಕೆಲಸ ಮಾಡುವವರೇ ನಿಜವಾದ ಕುಶಲಕರ್ಮಿಗಳು.